ಮೂವತ್ತು ಕೆಜಿ ಬೇಳೆಗೆ ಕೆಮ್ಮಣ್ಣು

ನಮ್ಮ ಬೀದಿಗೆ ಸುದ್ದಿ ಬರುವುದು ಹಾಲಿನ ಜೊತೆಗೆ. ಗುಂಡ್ಲುಪೇಟೆಗೆ ಪೇಪರು ಬರುವ ಹೊತ್ತಿಗೆ ಅದರೊಳಗಿನದನ್ನೆಲ್ಲ ನಾವು ಮಾತಾಡಿ ಮುಗಿಸಿರುತ್ತೇವೆ. ಆ ಶುಕ್ರವಾರವೂ ಹಾಲಿನವನು ಕ್ಯಾನು ಇಳಿಸುವ ಮೊದಲೇ ಬಾಯಿ ಬಿಟ್ಟ.

"ಅಕ್ಕೋವ್, ಇನ್ನೊಂದು ವಾರ, ಹತ್ ದಿನ ಅಷ್ಟೇಯ. ಆಮೇಲ ಸ್ಟ್ರೈಕು, ಲಾರಿ ಓಡಾಡಲ್ವಂತ. ಬ್ಯಾಳೆ, ಎಣ್ಣೆ, ಗ್ಯಾಸು, ಯಾವ್ದೂ ಬರಲ್ಲ. ಮಡಿಕಳದಿದ್ರ ಈಗ್ಲೇ ಮಡಿಕಳಿ."

ಅಷ್ಟು ಹೇಳಿ ಅವನು ಮುಂದಿನ ಮನೆಗೆ ಹೋದ. ನಮ್ಮ ಬೀದಿ ಮಾತ್ರ ಅವತ್ತು ನಿಂತಲ್ಲಿ ನಿಲ್ಲಲಿಲ್ಲ. ಒಬ್ಬೊಬ್ಬರ ಭಯ ಒಂದೊಂದು ಬಗೆಯದು ಎನ್ನುವುದು ನನಗೆ ಗೊತ್ತಾದದ್ದು ಆ ದಿನವೇ. ಎದುರು ಮನೆಯವರು ಬಟ್ಟೆ ಸೋಪು ತಂದರು, ಹದಿನಾರು. ಪಕ್ಕದ ಮನೆಯವರು ಬೆಂಕಿಪೊಟ್ಟಣದ ಬಂಡಲ್ ತಂದರು. ಅವರ ಮನೆಯಲ್ಲಿರುವುದು ಲೈಟರು. ನನ್ನ ಯಜಮಾನರು ಕಚೇರಿಯಿಂದ ಬರುವಾಗ ಟಾರ್ಚಿನ ಸೆಲ್ಲು ತಂದು ನನ್ನ ಕೈಗೆ ಕೊಟ್ಟು, ಜವಾಬ್ದಾರಿ ಮುಗಿಯಿತು ಎನ್ನುವಂತೆ ಕಾಲು ತೊಳೆದುಕೊಂಡರು.

ಸಂಜೆ ನಮ್ಮ ಗೇಟಿನ ಮುಂದೆ ಆರು ಮನೆಯ ಹೆಂಗಸರು ಸೇರಿದಾಗ ನಾನು ಲೆಕ್ಕ ಬಿಡಿಸಿ ಹೇಳಿದೆ. ರಾಗಿ, ಅಕ್ಕಿ ಎಲ್ಲರ ಮನೆಯಲ್ಲೂ ಇದೆ. ಹುಣಸೆಹಣ್ಣು, ಮೆಣಸಿನಕಾಯಿ ಊರ ಕಡೆಯಿಂದ ಬರುತ್ತವೆ. ಅಂಗಡಿಯನ್ನೇ ನಂಬಿಕೊಂಡಿರುವುದು ತೊಗರಿಬೇಳೆ ಒಂದಕ್ಕೆ. ನಮ್ಮ ಕಡೆ ಈಗ ಅರಿಶಿನ, ಬಾಳೆ, ಸೂರ್ಯಕಾಂತಿ ಬೆಳೆಯುತ್ತಾರೆಯೇ ಹೊರತು ತೊಗರಿಯನ್ನು ಕೇಳುವವರಿಲ್ಲ. ಬೇಳೆ ಇಲ್ಲದಿದ್ದರೆ ಸಾರಿಲ್ಲ, ಸಾರಿಲ್ಲದಿದ್ದರೆ ಮುದ್ದೆಯನ್ನು ಯಾವುದಕ್ಕೆ ಅದ್ದುವುದು?

"ಒಂದು ಮೂಟೆ ತರೋಣ. ಮೂವತ್ತು ಕೆಜಿ. ಮನೆಗೆ ಐದು. ಚಾಮರಾಜನಗರದ ಹೋಲ್‌ಸೇಲ್ ಅಂಗಡಿಯಲ್ಲಿ ಒಳ್ಳೆ ಬೇಳೆ ಸಿಗ್ತದೆ. ನಾನು ತರ್ತೀನಿ" ಎಂದೆ.

ದೋಸೆ ಹಿಟ್ಟು ರುಬ್ಬಿ ಮಾರುವ ನಮ್ಮ ಬೀದಿಯ ಅಕ್ಕ ತಕ್ಷಣ ಒಪ್ಪಿದಳು. ಅವಳನ್ನು ಎಲ್ಲರೂ ಕರೆಯುವುದೇ ಹಿಟ್ಟಿನಕ್ಕ ಎಂದು. ಮೂಲೆಮನೆಯ ದೊಡ್ಡಮ್ಮ ಮಾತ್ರ ಸೆರಗನ್ನು ಎರಡು ಸಲ ಸರಿಮಾಡಿಕೊಂಡರು. ಅವರ ಮನೆಯಲ್ಲಿ ಮಗಳು ಬಾಣಂತಿ. ಮಗು ಹುಟ್ಟಿ ಇನ್ನೂ ಇಪ್ಪತ್ತು ದಿನ.

"ನಂಗ ಬಾಣಂತಿ ಮನ ಕಣಮ್ಮಿ. ದಿನಾ ಬ್ಯಾಳೆ ಕಟ್ಟು ಬೇಕು. ನಿನ್ ನೆಚ್ಕಂಡು ಬ್ಯಾರೆ ಕಡ ತರದಿಲ್ಲ ನಾನು. ಮಾತಂದ್ರ ಮಾತು."

"ಮಾತಂದ್ರೆ ಮಾತು, ದೊಡ್ಡಮ್ಮ" ಎಂದೆ. ಆರು ಮನೆಯ ಸಾರು ಆ ಗಳಿಗೆಯಲ್ಲಿ ನನ್ನ ತಲೆಯ ಮೇಲೆ ಬಂತು. ಒಂಥರಾ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಶನಿವಾರ ಯಜಮಾನರನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೋದೆ. ಅಂಗಡಿಯ ಮುಂದೆ ಜಾತ್ರೆಯಂತೆ ಜನ. ಅಂಗಡಿಯವರು ತೋರಿಸಿದ ಮೊದಲ ಮೂಟೆ ಬೇಡವೆಂದೆ, ಎರಡನೆಯದೂ ಬೇಡವೆಂದೆ. ಮೂರನೆಯ ಮೂಟೆಯ ಬಾಯಿ ಬಿಚ್ಚಿ ಕೈ ಇಳಿಬಿಟ್ಟಾಗ ಬೇಳೆ ಬೆರಳ ಸಂದಿನಲ್ಲಿ ಸರಸರನೆ ಜಾರಿತು. ಒಣಗಿದ ಬೇಳೆ, ದಪ್ಪ, ಒಂದೇ ಬಣ್ಣ. ಇಂಥ ಬೇಳೆಯನ್ನು ಕೈಯಲ್ಲಿ ಹಿಡಿದರೆ ಅದು ಬೇಯುವ ವಾಸನೆ ಆಗಲೇ ಮೂಗಿಗೆ ಬರುತ್ತದೆ.

ಅಲ್ಲಿಂದ ಕುದೇರು ಹತ್ತಿರ. ನನ್ನ ತವರು. ಅಷ್ಟು ದೂರ ಬಂದು ಅಮ್ಮನನ್ನು ನೋಡದೆ ಹೋಗುವುದುಂಟೇ? ಮೂಟೆಯನ್ನೂ ಯಜಮಾನರನ್ನೂ ಗುಂಡ್ಲುಪೇಟೆಯ ಬಸ್ಸಿಗೆ ಹತ್ತಿಸಿ, "ಯಾರಿಗೂ ಅಳೆದು ಕೊಡಬೇಡಿ. ನಾಳೆ ನಾನೇ ಬಂದು ಕೊಡ್ತೀನಿ" ಎಂದು ಹೇಳಿದೆ. ನನ್ನ ಕೈಯಿಂದಲೇ ಅಳೆದು ಕೊಡಬೇಕು, ಐದೂ ಮನೆಯವರು ನನ್ನ ಮುಂದೆ ಡಬ್ಬ ಹಿಡಿದು ನಿಲ್ಲಬೇಕು ಎನ್ನುವ ಆಸೆ. ಆ ಆಸೆಗೆ ಬಿದ್ದ ಪೆಟ್ಟನ್ನೇ ಈಗ ಹೇಳಹೊರಟಿರುವುದು.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಮನೆಗೆ ಬಂದೆ. ಕೈಯಲ್ಲಿ ಅಮ್ಮ ಕೊಟ್ಟ ಎರಡು ಬೂದುಗುಂಬಳಕಾಯಿ, ಒಂದೊಂದೂ ಮಗುವಿನಷ್ಟು ಭಾರ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ತಾರಸಿಯ ಮೇಲಿಂದ ಯಜಮಾನರ ಹಾಡು ಕೇಳಿಸುತ್ತಿತ್ತು. ಅವರು ಹಾಡುವುದು ಏನಾದರೂ ಘನವಾದ ಕೆಲಸ ಮಾಡಿದ್ದೇನೆ ಎಂದು ಅನಿಸಿದಾಗ ಮಾತ್ರ.

ಕುಂಬಳಕಾಯಿಗಳನ್ನು ಬಾಗಿಲಲ್ಲೇ ಇಟ್ಟು ಮೆಟ್ಟಿಲು ಹತ್ತಿ ನೋಡಿದೆ. ತಾರಸಿಯ ಮೇಲೆ ನೀಲಿ ಟಾರ್ಪಾಲು, ಅದರ ತುಂಬ ಕೆಂಪು ಕೆಸರು. ಪಕ್ಕದಲ್ಲಿ ನನ್ನ ಬಟ್ಟೆ ನೆನೆಹಾಕುವ ಟಬ್ಬು, ಅದರಲ್ಲೂ ಕೆಂಪು. ಯಜಮಾನರು ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಕೈಯಲ್ಲಿ ಗುದ್ದಲಿಯ ಬರಿ ಕಾವಿನಂಥ ಕೋಲೊಂದನ್ನು ಹಿಡಿದು ಕೆಸರನ್ನು ಹರಡುತ್ತಿದ್ದರು.

"ಏನ್ರೀ ಇದು?"

"ಬ್ಯಾಳೆ" ಎಂದರು, ಬೆವರು ಒರೆಸಿಕೊಂಡು. "ಮಣ್ಣು ಕಟ್ಟಿದ್ದೀನಿ. ನಮ್ಮಜ್ಜಿ ಕಟ್ತಿರ್ಲಿಲ್ವ? ಇನ್ನ ಒಂದು ವರ್ಷ ಹುಳ ಹತ್ರ ಸುಳಿಯಲ್ಲ ನೋಡು."

ನಾನು ಗೋಡೆಗೆ ಆತುಕೊಂಡೆ.

ಇದನ್ನು ತಿಳಿಯದವರಿಗೆ ಒಂದು ಮಾತು. ನಮ್ಮ ಕಡೆ ಹಿಂದೆ ಹೊಲದ ತೊಗರಿಕಾಳನ್ನು ಕೆಡದಂತೆ ಇಡಲು ಕೆಮ್ಮಣ್ಣಿನ ನೀರಿನಲ್ಲಿ ಹೊರಳಿಸಿ ಬಿಸಿಲಿಗೆ ಒಣಗಿಸುತ್ತಿದ್ದರು. ಕಾಳಿಗೆ ಸಿಪ್ಪೆಯಿದೆ, ಮಣ್ಣು ಹೊರಗೇ ಅಂಗಿಯಂತೆ ಅಂಟಿ ಒಣಗಿ ಹುಳವನ್ನು ತಡೆಯುತ್ತದೆ. ಬೇಕಾದಾಗ ಉಜ್ಜಿ, ಬೀಸುವ ಕಲ್ಲಿನಲ್ಲಿ ಒಡೆದರೆ ಬೇಳೆ. ಅಂಗಡಿಯಿಂದ ತಂದ ಒಡೆದ ಬೇಳೆಗೆ ಸಿಪ್ಪೆ ಎಲ್ಲಿಂದ ಬರಬೇಕು? ಅದು ಮಣ್ಣಿನ ನೀರನ್ನು ಕುಡಿದು ಉಬ್ಬುತ್ತದೆ, ಅಷ್ಟೆ. ನನ್ನ ಯಜಮಾನರು ಭೀಮನಬೀಡಿನವರು ನಿಜ, ಆದರೆ ಹತ್ತನೇ ವಯಸ್ಸಿಗೇ ಹಾಸ್ಟೆಲಿಗೆ ಹೋದವರು. ಅಜ್ಜಿಯ ಕೈಯ ಕೆಂಪು ನೆನಪಿತ್ತು, ಅಂಗಳದ ವಾಸನೆ ನೆನಪಿತ್ತು. ಆ ಕೈಯೊಳಗೆ ಇದ್ದದ್ದು ಇಡೀ ಕಾಳು ಎನ್ನುವುದು ಮಾತ್ರ ನೆನಪಿರಲಿಲ್ಲ. ಬೆಳಿಗ್ಗೆಯೇ ಬೈಕಿನಲ್ಲಿ ಹೋಗಿ ಕೆಮ್ಮಣ್ಣು ತಂದು, ಕಸ ಕಡ್ಡಿ ಇರಬಾರದೆಂದು ನನ್ನ ಹೊಸ ರಾಗಿ ಜರಡಿಯಲ್ಲಿ ಜರಡಿ ಹಿಡಿದು ಕಲಸಿದ್ದರು. ಕೆಲಸದಲ್ಲಿ ಅಚ್ಚುಕಟ್ಟು.

ಇಷ್ಟನ್ನೂ ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು. ಕೆಸರನ್ನು ನೋಡಿದರು, ನನ್ನನ್ನು ನೋಡಿದರು, ಕೋಲನ್ನು ಮೆಲ್ಲಗೆ ಕೆಳಗಿಟ್ಟರು.

"ತೊಳೆದು ಒಣಗಿಸಿ ಕೊಟ್ಬುಡನ. ಯಾರಿಗೂ ಗೊತ್ತಾಗದ ಬ್ಯಾಡ."

"ಗೊತ್ತಾಗಲ್ವಾ? ಬಾಣಂತಿ ಉಣ್ಣೋ ಬೇಳೆ ರೀ ಅದು!"

ಮೆಟ್ಟಿಲಿಳಿದು ಹೋಗಿ ಗೇಟಿನ ಮುಂದೆ ನಿಂತು ಕರೆದೆ. ಡಬ್ಬ ಹಿಡಿದುಕೊಂಡೇ ಬಂದರು ಎಲ್ಲರೂ. ಬರಿಗೈಯಲ್ಲಿ ನಿಂತು ಸತ್ಯ ಹೇಳುವುದು ಎಷ್ಟು ಕಷ್ಟ ಎಂದು ಕೇಳಬೇಡಿ. ತಾರಸಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹಿಟ್ಟಿನಕ್ಕನಿಗೆ ಮೊದಲು ಬಂದದ್ದು ನಗು. ಬಾಯಿಗೆ ಸೆರಗು ಒತ್ತಿಕೊಂಡು ಕುಕ್ಕರಿಸಿ ಕೂತೇಬಿಟ್ಟಳು. ದೊಡ್ಡಮ್ಮ ನಗಲಿಲ್ಲ.

"ಬ್ಯಾಳೆ ತತ್ತೀನಿ ಅಂತ ಹೋದೋಳು ಹೊಲನೇ ತಂದಿದ್ದಯಲ್ಲಮ್ಮಿ!" ಎಂದರು. "ಈಗ ಅಂಗಡೀಲೂ ಮುಗ್ದೋಗದ. ನನ್ ಮಗಳ್ಗ ಏನ ಬೇಯಿಸಿ ಇಕ್ಲಿ, ಈ ಗದ್ದನಾ?"

ಅಡುಗೆಮನೆಗೆ ಇಳಿದು, ನಮ್ಮ ಮನೆಯ ಹಳೆಯ ಡಬ್ಬದಲ್ಲಿದ್ದ ಬೇಳೆಯನ್ನು ತೂಗಿದೆ. ಐದಕ್ಕೆ ಸ್ವಲ್ಪ ಕಡಿಮೆ. ಎಲ್ಲವನ್ನೂ ಅವರ ಡಬ್ಬಕ್ಕೆ ಸುರಿದೆ. ಅವರು ಡಬ್ಬದೊಳಕ್ಕೆ ನೋಡಿದರು, ನನ್ನ ಖಾಲಿ ಡಬ್ಬದೊಳಕ್ಕೂ ನೋಡಿದರು. ಡಬ್ಬದ ಮುಚ್ಚಳ ಒತ್ತಿ ಹೊರಟುಹೋದರು.

ಮೂಟೆಯಷ್ಟೂ ಬೇಳೆ ಇನ್ನೂ ಮಣ್ಣಿನಲ್ಲಿತ್ತು. ಬಿಸಿಲಿಗೆ ಮೇಲ್ಗಡೆ ಹೆಪ್ಪುಗಟ್ಟತೊಡಗಿತ್ತು. ಸಂಜೆಯವರೆಗೆ ಬಿಟ್ಟರೆ ಹುಳಿವಾಸನೆ ಬಂದು ದನಕ್ಕೂ ಆಗುತ್ತಿರಲಿಲ್ಲ. ತೊಳೆಯಲು ಮನೆಯಲ್ಲಿ ನೀರೆಲ್ಲಿ? ನಲ್ಲಿ ಬರುವುದು ಮಂಗಳವಾರ. ಆಗ ನೆನಪಾದದ್ದು ಭೀಮನಬೀಡಿನ ಹೊಲ, ಅತ್ತೆ, ಪಂಪ್‌ಸೆಟ್ಟು. ಭಾವ ಫೋನಿನಲ್ಲಿ, ನಾಲ್ಕು ಗಂಟೆಗೆ ಕರೆಂಟು ಕೊಡುತ್ತಾರೆ, ಬನ್ನಿ ಎಂದರು. ಬೇಳೆಯನ್ನು ಟಾರ್ಪಾಲಿನ ಸಮೇತ ಮಡಿಸಿ ಲಗೇಜ್ ಆಟೋಕ್ಕೆ ಎತ್ತಿದೆವು. ಹಿಟ್ಟಿನಕ್ಕ ತಾನಾಗಿಯೇ ಹತ್ತಿ ಕೂತಳು. "ನಾನಿಲ್ದೆ ನೀವು ತೊಳ್ದಂಗಾಯ್ತು, ನಡಿ" ಎಂದಳು.

ಅತ್ತೆ ಹೊಲದ ಮನೆಯ ಮುಂದೆ ಅರಿಶಿನ ಆರಿಸುತ್ತ ಕೂತಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೈ ಮೊಣಕೈವರೆಗೂ ಹಳದಿ. ಟಾರ್ಪಾಲು ಬಿಚ್ಚಿದಾಗ ಒಂದು ಹಿಡಿ ತೆಗೆದು ಮೂಸಿ ನೋಡಿದರು. ಆಮೇಲೆ ಮಗನನ್ನು ನೋಡಿದರು.

"ಯಾರ್ಲಾ ಈ ಘನಂದಾರಿ ಕೆಲ್ಸ ಮಾಡ್ದೋನು?"

"ನಾನೇ ಕಣವ್ವ. ಅಜ್ಜಿ ಮಾಡ್ತಿದ್ಲಲ್ಲ ಅಂತ."

"ನಿಮ್ಮಜ್ಜಿ ಇದ್ದಿದ್ರ ನಿನ್ಗೂ ಮಣ್ಣು ಕಟ್ಟಿ ಬಿಸಿಲ್ಗ ಒಣಾಕವ್ಳು! ಸಿಪ್ಪೆ ಇಲ್ದೇ ಇರೋದ್ಕ ಮಣ್ಣು ಕಟ್ಟದ್ಯಾ? ಆಫೀಸ್ನಲ್ಲಿ ಇಂಗೇ ಮಾಡ್ತಿದ್ದಯ?" ಎಂದು ನನ್ನ ಕಡೆ ತಿರುಗಿದರು. "ನೀನು ಅಳಬ್ಯಾಡ ಕಣಮ್ಮಿ. ಇನ್ನ ಹುಳಿ ಬಂದಿಲ್ಲ. ಕರೆಂಟು ಬಂತು, ನಡಿ."

ಅರಿಶಿನ ಬೇಯಿಸುವ ದೊಡ್ಡ ಕೊಪ್ಪರಿಗೆಯನ್ನು ಪಂಪಿನ ನೀರಿಗೆ ಒಡ್ಡಿದೆವು. ಬೇಳೆ ಹಾಕಿ ಕಲಕಿದರೆ ನೀರು ರಕ್ತದ ಹಾಗೆ ಕೆಂಪಾಗುತ್ತಿತ್ತು. ಬಾಳೆಯ ಸಾಲಿಗೆ ಚೆಲ್ಲುತ್ತಿದ್ದೆವು. ಮೊದಲ ನೀರು, ಎರಡನೇ ನೀರು, ಮೂರನೇ ನೀರು. ನಾಲ್ಕಕ್ಕೆ ಬಣ್ಣ ತಿಳಿಯಾಯಿತು. ಆದರೆ ಬಣ್ಣ ಹೋದರೆ ಸಾಲದು, ಮಣ್ಣಿನ ಸಣ್ಣ ಮರಳು ಹೋಗಬೇಕು. ಅದಕ್ಕೆ ಅತ್ತೆಯೇ ಬೇಕು. ಅಗಲವಾದ ಪಾತ್ರೆಯಲ್ಲಿ ಬೇಳೆ, ನೀರು ಹಾಕಿ ಸೊಂಟದ ಮಟ್ಟಕ್ಕೆ ಹಿಡಿದು ತೊಟ್ಟಿಲು ತೂಗುವ ಹಾಗೆ ತೂಗುತ್ತಾರೆ. ಬೇಳೆ ತೇಲಿಕೊಂಡು ಮುಂದಿನ ಪಾತ್ರೆಗೆ ಹೋಗುತ್ತದೆ, ಮರಳು ತಳದಲ್ಲಿ ಕೂರುತ್ತದೆ. ನಾನೂ ಹಿಟ್ಟಿನಕ್ಕನೂ ಕೈ ಹಾಕಿದೆವು. ನಮ್ಮ ಪಾತ್ರೆಯಲ್ಲಿ ಮರಳೂ ಬೇಳೆಯೂ ಜೊತೆಯಾಗಿಯೇ ಪ್ರಯಾಣ ಮಾಡಿದವು. "ಸೊಂಟ ಅಲ್ಲಾಡ್ಬೇಕು ಕಣ್ರಮ್ಮಿ, ಕೈಯಲ್ಲ" ಎಂದು ಅತ್ತೆ ತೋರಿಸಿಕೊಟ್ಟರು. ಯಜಮಾನರಿಗೆ ಬುಟ್ಟಿ ಹೊರುವ ಕೆಲಸ. ಅವರಿಗೆ ಪಾತ್ರೆ ಮುಟ್ಟಲು ಯಾರೂ ಬಿಡಲಿಲ್ಲ.

ಪ್ರತಿ ಬುಟ್ಟಿಯಿಂದಲೂ ಅತ್ತೆ ಒಂದು ಚಿಟಿಕೆ ಹಸಿಬೇಳೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಹಲ್ಲಿಗೆ ಕರ್ ಎಂದರೆ ಬುಟ್ಟಿ ವಾಪಸ್. ಎರಡು ಬುಟ್ಟಿ ಮೂರು ಸಲ ವಾಪಸ್ ಹೋದವು. ಆರೂವರೆಗೆ ಕೊನೆಯ ಬುಟ್ಟಿಯನ್ನು ಅಗಿದು, ನುಂಗಿ, "ಈಗ ಯಾವ ಬಾಣಂತಿಗಾದ್ರೂ ಇಕ್ಕು" ಎಂದರು.

ಮಣ್ಣು ಹೋಯಿತು, ಸರಿ. ಆದರೆ ಬುಟ್ಟಿಯಲ್ಲಿ ಇದ್ದದ್ದು ನೆನೆದ ಬೇಳೆ, ಒಂದಕ್ಕೆ ಎರಡಾಗಿ ಉಬ್ಬಿತ್ತು. ಮತ್ತೆ ಒಣಗಿಸಿದರೆ ಬೇಳೆಯ ರೂಪ ಬಂದೀತು, ಬೇಳೆಯ ರುಚಿ ಬಾರದು, ಬೇಯುವುದೂ ಇಲ್ಲ. ಅತ್ತೆ ಯೋಚನೆ ಮಾಡಿ, "ನುಚ್ಚಿನುಂಡೆ ಮಾಡಿ ಬೀದಿಗೆಲ್ಲ ಅಂಚ್ಬುಡು, ಒಂದ್ ದಿನ ಎಲ್ರೂ ತಿನ್ಲಿ" ಎಂದರು. ಒಂದು ದಿನಕ್ಕೆ ಮುಗಿಯುತ್ತಿತ್ತು. ನಾನು ಮಾತು ಕೊಟ್ಟದ್ದು ಲಾರಿ ನಿಲ್ಲುವ ದಿನಗಳಿಗೆ.

ಆಟೋದಲ್ಲಿ ಹಸಿಬೇಳೆಯ ಬುಟ್ಟಿಗಳ ನಡುವೆ ಕೂತು ವಾಪಸ್ ಬರುವಾಗ ಹಿಟ್ಟಿನಕ್ಕ ಸುಮ್ಮನೆ ಕೇಳಿದಳು: "ಆಗ್ಲಿಂದ ಕೇಳ್ಬೇಕು ಅಂತಿದ್ದೆ. ಬಾಗ್ಲಲ್ಲಿ ಇಕ್ಕಿದ್ದೀಯಲ್ಲ ಆ ಬೂದುಗುಂಬಳ, ದೃಷ್ಟಿಗ ಕಟ್ಟಕ್ಕಾ?"

ನನಗೆ ಕೂತಲ್ಲೇ ಬೆಳಕಾಯಿತು. ಕುದೇರಿನಲ್ಲಿ ಅಮ್ಮ ಬೇಸಿಗೆಯಲ್ಲಿ ಮಾಡುತ್ತಿದ್ದ ಉಂಡೆ ಸಂಡಿಗೆ! ನೆನೆದ ಬೇಳೆಯನ್ನು ತರಿತರಿಯಾಗಿ ರುಬ್ಬಿ, ಬೂದುಗುಂಬಳದ ತುರಿ ಹಿಂಡಿ ಹಾಕಿ, ಮೆಣಸಿನಕಾಯಿ, ಶುಂಠಿ, ಜೀರಿಗೆ, ಇಂಗು, ಉಪ್ಪು. ನೆಲ್ಲಿಕಾಯಿಯಷ್ಟು ದಪ್ಪ ಉಂಡೆ ಮಾಡಿ ಗಲಗಲ ಎನ್ನುವವರೆಗೂ ಒಣಗಿಸಿದರೆ ವರ್ಷ ಇಟ್ಟರೂ ಏನೂ ಆಗದು. ಕುದಿಯುವ ಹುಣಸೆನೀರಿಗೆ ಹತ್ತು ಉಂಡೆ ಹಾಕಿದರೆ ಅರ್ಧ ತಾನೇ ಕರಗಿ ಸಾರಾಗುತ್ತದೆ, ಅರ್ಧ ಹಾಗೇ ಉಳಿದು ಪಲ್ಯವಾಗುತ್ತದೆ. ಅಮ್ಮನ ಮನೆಯಲ್ಲಿ ಮಳೆಗಾಲದ ಸಾರೆಲ್ಲ ಅದೇ.

"ಅಕ್ಕ, ನಾಳೆ ನಿನ್ನ ಗ್ರೈಂಡರ್ ನಂಗೆ ಕೊಡ್ತೀಯಾ?"

"ಏನ್ ಮಾಡಕ್ಕ?"

ಹೇಳಿದೆ. ಅವಳು ಆಟೋದ ಕಂಬಿಯನ್ನು ಬಿಟ್ಟು ಚಪ್ಪಾಳೆ ತಟ್ಟಿದಳು. ಸೋಮವಾರ ನಸುಕಿಗೇ ಅವಳ ಬಾಗಿಲಲ್ಲಿ ಒಂದು ರಟ್ಟು ನೇತಾಡಿತು: ಇವತ್ತು ದೋಸೆ ಹಿಟ್ಟು ಇಲ್ಲ. ಹತ್ತು ವರ್ಷದಲ್ಲಿ ಅವಳು ರಜೆ ಹಾಕಿದ್ದು ಅದೊಂದೇ ದಿನ ಎಂದು ಆಮೇಲೆ ಗೊತ್ತಾಯಿತು.

ಐದು ಮನೆಯ ಹೆಂಗಸರು ನಮ್ಮ ತಾರಸಿಯ ಮೇಲೆ ಸೀರೆ ಹಾಸಿ ಸಾಲಾಗಿ ಕೂತೆವು. ಕೆಳಗಿಂದ ಬಕೆಟ್ಟುಗಳಲ್ಲಿ ಹಿಟ್ಟು ಬರುತ್ತಿತ್ತು. ಯಾರ ಉಂಡೆ ದೊಡ್ಡದು, ಯಾರದು ಸಣ್ಣದು, ಯಾರದು ಎಲ್ಲೂ ಸೇರದ ಆಕಾರದ್ದು ಎಂದು ಜಗಳವೋ ಜಗಳ. "ನಿನ್ನುಂಡೆ ನೋಡಿದ್ರ ನಿನ್ ಗಂಡನ್ ಹೊಟ್ಟೆ ನೆಪ್ಪಾಯ್ತದ" ಎಂದು ಹಿಟ್ಟಿನಕ್ಕ ಎದುರು ಮನೆಯವಳನ್ನು ಆಡಿಕೊಂಡಳು. ಹನ್ನೊಂದು ಗಂಟೆಗೆ ನಮ್ಮ ತಾರಸಿ ತುಂಬಿತು, ಪಕ್ಕದ ತಾರಸಿಗೆ ದಾಟಿದೆವು. ಅದೂ ತುಂಬಿತು. ಮೂರನೆಯ ತಾರಸಿಗೆ ಹೋಗುವಾಗ ಎಲ್ಲರ ಸೊಂಟವೂ ಹಿಡಿದಿತ್ತು, ಯಾರೂ ಏಳಲಿಲ್ಲ.

ಮೂಲೆಮನೆಯ ದೊಡ್ಡಮ್ಮ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಮ್ಮ ತಾರಸಿಯಿಂದ ನೋಡುತ್ತಿದ್ದರು. ಬನ್ನಿ ಎಂದು ಕೈಬೀಸಿದೆ. ಬರಲಿಲ್ಲ.

ಕೋತಿಗಳು ಮಾತ್ರ ಕರೆಯದೆಯೇ ಬಂದವು. ಕಾಡು ಹತ್ತಿರವಿರುವ ಊರು. ಒಣಹಾಕಿದ್ದೆಲ್ಲ ಮೊದಲು ಅವುಗಳದು, ಆಮೇಲೆ ನಮ್ಮದು. ಯಜಮಾನರು ನಾಲ್ಕು ದಿನ ಕಚೇರಿಗೆ ರಜೆ ಹಾಕಿ, ಕೊಡೆ ಬಿಡಿಸಿಕೊಂಡು, ಕೋಲು ಹಿಡಿದು ಮೂರು ತಾರಸಿಯನ್ನೂ ಕಾದರು. ಯಾರೂ ವಿಧಿಸದ ಶಿಕ್ಷೆ, ತಾವೇ ತೆಗೆದುಕೊಂಡದ್ದು. ಊಟವನ್ನೂ ಮೇಲಕ್ಕೇ ಕಳಿಸುತ್ತಿದ್ದೆ. ಒಂದು ಮುದುಕ ಕೋತಿ ಪಕ್ಕದ ಟ್ಯಾಂಕಿನ ಮೇಲೆ ಕೂತು ಅವರನ್ನೇ ನೋಡುತ್ತಿತ್ತು. ಅವರು ಅದನ್ನು ನೋಡುತ್ತಿದ್ದರು. ನಾಲ್ಕು ದಿನದಲ್ಲಿ ಅದು ಕದ್ದದ್ದು ಒಂಬತ್ತು ಉಂಡೆ. ಲೆಕ್ಕವನ್ನು ಅವರೇ ಒಪ್ಪಿಸಿದರು.

ಶುಕ್ರವಾರ ಸಂಜೆ ಉಂಡೆಗಳನ್ನು ಮೊರದಲ್ಲಿ ಹಾಕಿ ಅಲ್ಲಾಡಿಸಿದರೆ ಗಲಗಲ ಸದ್ದು. ಆರು ಪಾಲು ಮಾಡಿದೆ. ಹೌದು, ಆರೇ. ಆರನೆಯದನ್ನು ಮೂಲೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದೆ. ಬಾಗಿಲು ತೆರೆಯಲಿಲ್ಲ.

ಸೋಮವಾರ ಲಾರಿಗಳು ನಿಂತೇಬಿಟ್ಟವು. ಹೆದ್ದಾರಿ ಎಂದರೆ ನಮ್ಮೂರಿಗೆ ಹಗಲಿರುಳೂ ಗಡಗಡ. ಅದು ಇದ್ದಕ್ಕಿದ್ದಂತೆ ಮೂಕವಾಯಿತು. ನಾಲ್ಕನೇ ದಿನಕ್ಕೆ ಅಂಗಡಿಗಳಲ್ಲಿ ಬೇಳೆಯ ಡಬ್ಬ ಬೋರಲು. ಐದನೇ ದಿನಕ್ಕೆ ಗ್ಯಾಸು ಸಿಗದು ಎನ್ನುವ ಮಾತು. ಊರೆಲ್ಲ ಮಜ್ಜಿಗೆಸಾರು, ಉಪ್ಪುಸಾರು. ನಮ್ಮ ಬೀದಿಯಲ್ಲಿ ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಇಂಗು, ಬೆಳ್ಳುಳ್ಳಿಯ ಒಗ್ಗರಣೆ ಮನೆಯಿಂದ ಮನೆಗೆ ಸಿಡಿಯುತ್ತಿತ್ತು. ಉಂಡೆ ಬೇಯಲು ಕುಕ್ಕರು ಬೇಡ, ಎರಡು ಕುದಿ ಸಾಕು, ಗ್ಯಾಸೂ ಉಳಿಯಿತು. ಹಿಂದಿನ ಬೀದಿಯವರು ವಾಸನೆ ಹಿಡಿದು ಬಂದು, "ಅದೇನಕ್ಕ, ನಿಮ್ ಬೀದಿಗೇನು ಬ್ಯಾರೆ ಲಾರಿ ಬತ್ತದ?" ಎಂದು ಕೇಳಿದರು. ಹಿಟ್ಟಿನಕ್ಕ ಸೊಂಟದ ಮೇಲೆ ಕೈಯಿಟ್ಟು, "ಊಂ, ಭೀಮನಬೀಡಿಂದ" ಎಂದಳು.

ಆ ದಿನಗಳಲ್ಲಿ ನಾನು ಬೀದಿಯಲ್ಲಿ ನಡೆದ ನಡಿಗೆಯೇ ಬೇರೆ. ತರಕಾರಿ ತರಲು ಹೋದರೂ ದಿಬ್ಬಣ ಹೊರಟ ಹಾಗೆ ಹೋಗುತ್ತಿದ್ದೆ.

ಹನ್ನೆರಡನೆಯ ದಿನ ಲಾರಿಗಳು ಮತ್ತೆ ಓಡತೊಡಗಿದವು. ಅದಾದ ಮೂರನೆಯ ದಿನ ಬೆಳಿಗ್ಗೆ ಗೇಟು ಕಿರ್ ಎಂದಿತು. ಮೂಲೆಮನೆಯ ದೊಡ್ಡಮ್ಮ. ಹಿಂದೆ ಅವರ ಅಳಿಯ, ಹೆಗಲ ಮೇಲೆ ಒಂದು ಮೂಟೆ, ಕಂಕುಳಲ್ಲಿ ಬೂದುಗುಂಬಳಕಾಯಿ. ಮೂಟೆಯನ್ನು ನನ್ನ ಅಡುಗೆಮನೆಯ ಬಾಗಿಲಿಗೇ ಇಳಿಸಿದರು.

"ನೀನಿಟ್ ಹೋದ್ಯಲ್ಲ, ಆ ಉಂಡೆ. ನನ್ ಮಗಳು ಬಾಣಂತಿ ಪಥ್ಯ ಮುರ್ದು ತಿಂದ್ಬುಟ್ಲು ಕಣಮ್ಮಿ. ನಾನೂ ತಿಂದೆ. ಮುಗ್ದೋಯ್ತು" ಎಂದರು. ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡರು. "ಇನ್ನ ಬಿಸಿಲದ. ಇನ್ನೊಂದ್ ಸಲ ಇಕ್ಕನ. ಈ ಸಲ ನಾನೂ ಕೂತ್ಕತೀನಿ. ಬ್ಯಾಳೆ ನಿನ್ ಮನೇಲೇ ಇರ್ಲಿ, ನೆನೆಯಾಕದು ನೀನೇ."

ತಲೆಯಾಡಿಸಿದೆ. ಅವರು ಗೇಟಿನವರೆಗೂ ಹೋಗಿ ತಿರುಗಿ ನಿಂತರು. ಜಗುಲಿಯ ಮೇಲೆ ಪೇಪರು ಓದುತ್ತಿದ್ದ ನನ್ನ ಯಜಮಾನರ ಕಡೆಗೆ ಗದ್ದ ಎತ್ತಿ ತೋರಿಸಿ, ಅವರಿಗೆ ಕೇಳಿಸುವಷ್ಟು ಜೋರಾಗಿಯೇ ಅಂದರು:

"ಮೂಟೆ ಇರೋ ಕೋಣೆಗ ಮಾತ್ರ ಬೀಗ ಜಡ್ದಿರು."